ನೊಂದ ಹಿಮ್ಮಡಿಯಲ್ಲಿ 50 ಕಿಲೋಮೀಟರ್

ನಮಸ್ಕಾರ. ಈಗ ನೀವು ನೋಡುತ್ತಿರುವುದು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವ ರಸ್ತೆ. ಗಾಜನೂರು ದಾಟಿದರೆ ಒಂದು ಪಕ್ಕ ತುಂಗೆಯ ಹಿನ್ನೀರು, ಇನ್ನೊಂದು ಪಕ್ಕ ಕಾಡು. ಸ್ವಲ್ಪ ಮುಂದೆ ಸಕ್ರೆಬೈಲು ಆನೆ ಬಿಡಾರ, ಇನ್ನೂ ಮುಂದೆ ಮಂಡಗದ್ದೆ. ನಾನು ದೂರದ ಓಟ ಕಲಿತಿದ್ದು ಈ ರಸ್ತೆಯಲ್ಲೇ. ಮೊದಲು ಹಾಫ್ ಮ್ಯಾರಥಾನ್, ಆಮೇಲೆ 42.195 ಕಿಲೋಮೀಟರಿನ ಪೂರ್ತಿ ಮ್ಯಾರಥಾನ್. ಅದಕ್ಕಿಂತ ಉದ್ದದ ಓಟ ಯಾವುದಾದರೂ ಅದು ಅಲ್ಟ್ರಾ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಲ್ಲಿ 50 ಕಿಲೋಮೀಟರ್ ಓಡಬೇಕು ಅನ್ನುವುದು ನನ್ನ ಬಹುದಿನದ ಆಸೆ.

ಆ ಆಸೆಗೆ ಅಡ್ಡ ಬಂದಿದ್ದು ಎಡಗಾಲಿನ ಹಿಮ್ಮಡಿ.

ನೋವು ಒಂದೇ ದಿನ ಬರಲಿಲ್ಲ. ಬೆಳಗ್ಗೆ ಹಾಸಿಗೆಯಿಂದ ಎದ್ದು ಕಾಲು ಊರಿದರೆ ಹಿಮ್ಮಡಿಯ ಮೇಲ್ಭಾಗ ಮರಗಟ್ಟಿದ ಹಾಗೆ. ನಾಲ್ಕು ಹೆಜ್ಜೆ ಹಾಕಿದರೆ ಸಡಿಲ. ಓಟ ಶುರು ಮಾಡಿದಾಗ ನೋವು, ಮೈ ಬಿಸಿಯಾದರೆ ಮಾಯ, ಮರುದಿನ ಬೆಳಗ್ಗೆ ಮತ್ತೆ ಜಾಸ್ತಿ. ಓಡುವವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿರುತ್ತದೆ, ಅಲ್ವಾ? ನಮ್ಮ ಕಡೆ ಇದನ್ನು ಹಿಮ್ಮಡಿ ನರ ಅನ್ನುತ್ತಾರೆ. ನಿಜವಾಗಿ ಅದು ನರವಲ್ಲ, ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಹುರಿಯಂಥ ಪಟ್ಟಿ, ಅಕಿಲಿಸ್ ಟೆಂಡನ್. ದೇಹದಲ್ಲೇ ಅತಿ ದಪ್ಪದ ಟೆಂಡನ್ ಅದು. ಓಡುವಾಗ ಪ್ರತಿ ಹೆಜ್ಜೆಗೆ ನಮ್ಮ ತೂಕದ ಆರರಿಂದ ಎಂಟು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ. ಇಷ್ಟು ಕೆಲಸ ಮಾಡುವ ಜಾಗಕ್ಕೆ ರಕ್ತ ಸಂಚಾರ ಮಾತ್ರ ಕಮ್ಮಿ. ಗುಣವಾಗಲು ತಿಂಗಳುಗಟ್ಟಲೆ ಹಿಡಿಯುವುದು ಇದೇ ಕಾರಣಕ್ಕೆ.

ಎಲ್ಲರೂ ಹೇಳಿದ್ದು ಒಂದೇ ಮಾತು. ರೆಸ್ಟ್ ತಗೋ. ಪಕ್ಕದ ಮನೆ ದೊಡ್ಡಮ್ಮ ಅಂತೂ ಬೇಲಿ ಹತ್ತಿರ ನಿಂತು ಕೇಳಿದರು, "ಎಂತಕ್ಕೆ ಮಾರಾಯ್ತಿ, ಕಾಲು ನೋವು ಅಂತೀಯ, ಮತ್ತೆ ಓಡ್ತೀಯ? ಮನೇಲಿ ಸುಮ್ನೆ ಕೂತ್ಕೊಳಾಕೆ ಆಗಲ್ವಾ?" ಪ್ರೀತಿಯಿಂದಲೇ ಕೇಳಿದ್ದು. ಕೂತೆ. ನೋವು ಹೋಯಿತು. ಓಡಿದೆ. ನೋವು ವಾಪಸ್ ಬಂತು. ಹೀಗೇ ಸುತ್ತುತ್ತಾ ಇತ್ತು.

ಈ ವಿಡಿಯೋ ಮಾಡುತ್ತಿರುವುದೇ ಮುಂದಿನ ಮಾತು ಹೇಳಲಿಕ್ಕೆ. ಸುಮ್ಮನೆ ಕೂತರೆ ಟೆಂಡನ್ ಇನ್ನೂ ಸೋಲುತ್ತದೆ. ಅದಕ್ಕೆ ಭಾರ ಬೇಕು. ನಿಧಾನವಾಗಿ, ಅಳತೆ ಮಾಡಿ ಕೊಡುವ ಭಾರ. ಶಿವಮೊಗ್ಗದ ನನ್ನ ಫಿಸಿಯೋ ಮೇಡಂ ಇದನ್ನು ಹೇಳಿದಾಗ ನಂಬುವುದು ಕಷ್ಟವಾಯಿತು. ನೋವಿರುವ ಜಾಗಕ್ಕೇ ಭಾರ ಹಾಕುವುದಾ? ಆಗ ಅವರು ಸ್ವೀಡನ್ನಿನ ವೈದ್ಯರೊಬ್ಬರ ವಿಷಯ ಹೇಳಿದರು.

ಹೊಕಾನ್ ಆಲ್ಫ್ರೆಡ್‌ಸನ್ ಅಂತ, ಮೂಳೆ ತಜ್ಞರು. ಅವರಿಗೇ ಅಕಿಲಿಸ್ ನೋವಿತ್ತಂತೆ. ಆಪರೇಷನ್ ಮಾಡಿ ಅಂದರೆ ಅವರ ಮುಖ್ಯಸ್ಥರು ಒಪ್ಪಲಿಲ್ಲ. ಹಾಗಾದರೆ ಟೆಂಡನ್ ಇನ್ನೂ ಕೆಡಲಿ, ಆಗ ಒಪ್ಪಲೇಬೇಕಾಗುತ್ತದೆ ಅಂತ ಅದರ ಮೇಲೆ ಭಾರ ಹಾಕುತ್ತಾ ಹೋದರು. ಕೆಡುವ ಬದಲು ಅದು ವಾಸಿಯಾಯಿತು ಅನ್ನುವ ಕಥೆ ಇದೆ. 1998ರಲ್ಲಿ ಅವರ ತಂಡ, ಬಹುಕಾಲದಿಂದ ನರಳುತ್ತಿದ್ದ 15 ಓಟಗಾರರಿಗೆ 12 ವಾರ ಈ ವ್ಯಾಯಾಮ ಮಾಡಿಸಿದ್ದನ್ನು ಪ್ರಕಟಿಸಿತು. ಹದಿನೈದೂ ಜನ ಮತ್ತೆ ಓಡಿದರು. ಆಮೇಲಿನ ಅಧ್ಯಯನಗಳಲ್ಲಿ ಎಲ್ಲರಿಗೂ ಇಷ್ಟು ಚೆನ್ನಾಗಿ ಗುಣ ಕಂಡಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೂ ಇವತ್ತು ಈ ನೋವಿಗೆ ಮೊದಲು ಕೊಡುವ ಚಿಕಿತ್ಸೆ ಭಾರದ ವ್ಯಾಯಾಮವೇ.

ಈಗ ತೋರಿಸುತ್ತಿರುವುದು ನಮ್ಮ ಮನೆಯ ಜಗಲಿ ಮೆಟ್ಟಿಲು. ಮುಂಗಾಲು ಮಾತ್ರ ಮೆಟ್ಟಿಲ ಅಂಚಿನಲ್ಲಿ. ಎರಡೂ ಕಾಲಲ್ಲಿ ತುದಿಗಾಲಿಗೆ ಏರಬೇಕು. ಆಮೇಲೆ ನೋವಿರುವ ಕಾಲೊಂದರಲ್ಲೇ ನಿಂತು, ಹಿಮ್ಮಡಿಯನ್ನು ನಿಧಾನ ಕೆಳಗೆ ಇಳಿಸಬೇಕು. ಕೆಲಸ ನಡೆಯುವುದು ಇಳಿಯುವಾಗ. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಸ್ವಲ್ಪ ಬಗ್ಗಿಸಿ ಮತ್ತೆ ಹಾಗೇ ಮೂರು ಸಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಲೆಕ್ಕ ಹಾಕಿದರೆ ದಿನಕ್ಕೆ 180. ಸಲೀಸು ಅನ್ನಿಸಿದರೆ ಬೆನ್ನಿಗೆ ಅಕ್ಕಿ ತುಂಬಿದ ಚೀಲ. ಒಂದು ಎಚ್ಚರಿಕೆ. ನೋವು ಹಿಮ್ಮಡಿ ಮೂಳೆಗೆ ಅಂಟುವ ಜಾಗದಲ್ಲೇ ಇದ್ದರೆ ಮೆಟ್ಟಿಲಿನ ಮಟ್ಟಕ್ಕಿಂತ ಕೆಳಗೆ ಇಳಿಸಬಾರದು. ಅಲ್ಲಿ ಒತ್ತಡ ಬಿದ್ದು ನೋವು ಹೆಚ್ಚಾಗುತ್ತದೆ. ಹಾಗಾಗಿ ಮೊದಲು ಫಿಸಿಯೋ ಹತ್ತಿರ ತೋರಿಸಿ, ಆಮೇಲೆ ಮೆಟ್ಟಿಲು.

ಮಳೆಗಾಲ ಪೂರ್ತಿ ಇದೇ ಕೆಲಸ. ಹೊರಗೆ ಹೊಯ್ಯುವ ಮಳೆ, ತೋಟಕ್ಕೆ ಇಳಿದರೆ ಇಂಬಳ, ಒಳಗೆ ನಾನು ಮೆಟ್ಟಿಲ ಮೇಲೆ ಏರುವುದು ಇಳಿಯುವುದು. ಬೇಸರ ಬರುತ್ತದೆ. ತುಂಬಾ ಬರುತ್ತದೆ. ಓಟದ ಖುಷಿ ಒಂಚೂರೂ ಇದರಲ್ಲಿಲ್ಲ. ನಮ್ಮ ತೋಟಕ್ಕೆ ಅಡಿಕೆ ಕೊನೆ ತೆಗೆಯಲು ಬರುವವರೊಬ್ಬರು ಒಂದು ದಿನ ನೋಡುತ್ತಾ ನಿಂತಿದ್ದರು. ಯಾಕೆ ಏನು ಅಂತ ಎಲ್ಲ ವಿವರಿಸಿದೆ. ಅವರಿಗೇನೂ ಆಶ್ಚರ್ಯ ಆಗಲಿಲ್ಲ. "ನಾವೂ ಅಷ್ಟೇ ಅಕ್ಕ. ಕೊಯ್ಲು ಶುರುವಾದ ದಿನಾನೇ ಎಲ್ಲ ಮರ ಹತ್ತಲ್ಲ. ಕಾಲಿಗೆ ರೂಢಿ ಆಗಬೇಕು" ಅಂದರು. ಅಷ್ಟುದ್ದ ವಿವರಣೆ ಅವರಿಗೆ ಬೇಕೇ ಇರಲಿಲ್ಲ.

ನೋವಿದ್ದಾಗ ಎಷ್ಟು ಮುಂದೆ ಹೋಗಬಹುದು? ಮೇಡಂ ಕೊಟ್ಟ ಲೆಕ್ಕ ಇದು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಐದರೊಳಗೆ ಇರಬೇಕು. ಮರುದಿನ ಬೆಳಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ವಾರದಿಂದ ವಾರಕ್ಕೆ ಏರಬಾರದು. ಇದು ಟೆಂಡನ್‌ಗೆ ಮಾತ್ರ. ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದರೆ ಅದು ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಅಲ್ಲಿ ಛಲ ನಡೆಯುವುದಿಲ್ಲ. ಓಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ಶುರುವಿನ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು, ಎಂಆರ್‌ಐನಲ್ಲಿ ಕಾಣುತ್ತದೆ. ಇನ್ನು ಇಂಜೆಕ್ಷನ್ ಹಾಕಿಸಿಕೊಂಡು ಓಡಿಬಿಡು ಅನ್ನುವವರೂ ಸಿಗುತ್ತಾರೆ. ದಯವಿಟ್ಟು ಬೇಡ. ಅಕಿಲಿಸ್ ಹತ್ತಿರ ಸ್ಟಿರಾಯ್ಡ್ ಚುಚ್ಚಿಸಿಕೊಂಡರೆ ಟೆಂಡನ್ ಹರಿದುಹೋಗುವ ಅಪಾಯವಿದೆ.

ಮಳೆ ಕಮ್ಮಿಯಾದ ಮೇಲೆ ಏರಿನಲ್ಲಿ ಅಭ್ಯಾಸ. ಮಲೆನಾಡಿನಲ್ಲಿ ಏರು ಹುಡುಕಬೇಕಾ? ಕವಲೇದುರ್ಗದ ಕಲ್ಲು ಹಾಸಿನ ದಾರಿ, ಆಗುಂಬೆ ಘಾಟಿಯ ಸುತ್ತುಗಳು. ಏರುವಾಗ ಪಾದ ಜಾಸ್ತಿ ಬಾಗುತ್ತದೆ, ಅಕಿಲಿಸ್ ಹೆಚ್ಚು ಎಳೆಯುತ್ತದೆ. ಇಳಿಯುವಾಗ ತೊಡೆಯ ಮುಂಭಾಗಕ್ಕೆ ಪೆಟ್ಟು. ಎರಡಕ್ಕೂ ಬೇರೆ ಬೇರೆ ತಯಾರಿ ಬೇಕು. ನಾನು ಏರನ್ನು ನಡೆದೇ ಕಲಿತೆ. ಅಲ್ಟ್ರಾದಲ್ಲಿ ಕಡಿದಾದ ಏರನ್ನು ಬಿರುಸಾಗಿ ನಡೆಯುವುದು ಎಲ್ಲರೂ ಮಾಡುವುದೇ, ಅದರಲ್ಲಿ ಸಣ್ಣತನ ಏನೂ ಇಲ್ಲ.

ಈಗ ಓಟದ ದಿನ. ಕತ್ತಲಲ್ಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ನಿಂತಿದ್ದೇವೆ. ಕಾಫಿ ಗಿಡಗಳ ನಡುವೆ ಕೆಂಪು ಮಣ್ಣಿನ ದಾರಿ, ಮೇಲೆ ಸಿಲ್ವರ್ ಓಕ್ ನೆರಳು. ಮೊದಲರ್ಧ ಚೆನ್ನಾಗಿ ಹೋಯಿತು. ಹಿಮ್ಮಡಿ ಒಂದು, ಎರಡು ಅನ್ನುತ್ತಿತ್ತು, ಅಷ್ಟೇ. ಬೆಳಗ್ಗೆ ಅಮ್ಮ ಮಾಡಿಕೊಟ್ಟ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ ಹೊಟ್ಟೆಯಲ್ಲಿತ್ತು. ದಾರಿಯಲ್ಲಿ ಬಾಳೆಹಣ್ಣು, ಬೆಲ್ಲ. ನೀರು ಬಾಯಾರಿದಷ್ಟೇ. ಇದನ್ನು ಒತ್ತಿ ಹೇಳುತ್ತೇನೆ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಇರಬೇಕಾದ್ದಕ್ಕಿಂತ ಇಳಿದಿತ್ತು. ಮುಖ್ಯ ಕಾರಣ ಅತಿಯಾಗಿ ಕುಡಿದದ್ದು.

ಮ್ಯಾರಥಾನ್ ದೂರ ಹತ್ತಿರವಾದಾಗ ಒಂದು ಉದ್ದನೆಯ ಏರು ಬಂತು. ಅಲ್ಲಿ ನೋವು ನಾಲ್ಕಕ್ಕೆ ಏರಿತು. ಐದು ದಾಟಿದರೆ, ಅಥವಾ ಕುಂಟಲು ಶುರುವಾದರೆ ನಿಲ್ಲಿಸುವುದು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಓಡುವಾಗ ಕೂತು ಯೋಚಿಸಲು ಆಗುವುದಿಲ್ಲ. ಪಕ್ಕದಲ್ಲಿದ್ದ ಒಬ್ಬರು ಪ್ರೀತಿಯಿಂದ ನೋವಿನ ಮಾತ್ರೆ ಕೊಡಲು ಬಂದರು. ಬೇಡ ಅಂದೆ. ಬೆವರು ಸುರಿದು ನೀರಿನಂಶ ಇಳಿದಾಗ ಅಂಥ ಮಾತ್ರೆ ಕಿಡ್ನಿಗೆ ಕೆಟ್ಟದ್ದು. ಜೊತೆಗೆ ನೋವು ಎಷ್ಟಿದೆ ಅನ್ನುವುದು ಆಗ ನನಗೆ ಗೊತ್ತಾಗಲೇಬೇಕಿತ್ತು. ಹೆಜ್ಜೆ ಚಿಕ್ಕದು ಮಾಡಿದೆ. ಹಿಮ್ಮಡಿ ಪೂರ್ತಿ ಊರಿ ನಡೆದೆ. ಹಿಂದಿದ್ದವರೆಲ್ಲ ದಾಟಿ ಹೋದರು, ಹೋಗಲಿ. ಏರು ಮುಗಿಯುವಾಗ ನೋವು ನಾಲ್ಕರಲ್ಲೇ ಇತ್ತು. ಇಳಿಜಾರಿನಲ್ಲಿ ಮೂರಾಯಿತು. ತೊಡೆ ನಡುಗುತ್ತಿತ್ತು, ಆದರೆ ಅದು ನನಗೆ ಪರಿಚಯದ ದಣಿವು. ಮತ್ತೆ ಓಡಿದೆ.

ಕೊಟ್ಟ ಸಮಯದೊಳಗೆ 50 ಕಿಲೋಮೀಟರ್ ಮುಗಿಸಿದೆ. ಗೆರೆ ದಾಟಿ ಅತ್ತಿದ್ದು ನಿಜ, ವಿಡಿಯೋದಲ್ಲಿ ಕಾಣುತ್ತಿದೆ. ಆದರೆ ನಾನು ಕಾಯುತ್ತಿದ್ದ ಫಲಿತಾಂಶ ಮರುದಿನ ಬೆಳಗಿನದು. ಎದ್ದು ಎಡಗಾಲು ನೆಲಕ್ಕೆ ಊರಿದೆ. ಎರಡು. ಓಟಕ್ಕೆ ಮುಂಚೆ ಇದ್ದಷ್ಟೇ.

ಮುಂದೆ ಕೊಡಚಾದ್ರಿ. 1343 ಮೀಟರ್ ಎತ್ತರದ ಆ ಬೆಟ್ಟದ ಜೀಪ್ ದಾರಿಯನ್ನು ಕೆಳಗಿನಿಂದ ಮೇಲಿನವರೆಗೆ ನಿಲ್ಲದೆ ಹತ್ತಬೇಕು ಅಂತಿದ್ದೇನೆ. ಅಲ್ಲಿಯವರೆಗೆ ವ್ಯಾಯಾಮ ನಿಲ್ಲಿಸುವುದಿಲ್ಲ, ಬಲಗಾಲಿಗೂ ಶುರು ಮಾಡಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಹಿಮ್ಮಡಿ ನೋವು ಇದ್ದರೆ ಎಲ್ಲಿ ನೋವು, ಬೆಳಗ್ಗೆ ಎಷ್ಟು, ಯಾವ ವ್ಯಾಯಾಮ ಮಾಡುತ್ತಿದ್ದೀರಿ ಅಂತ ಕೆಳಗೆ ಬರೆಯಿರಿ. ಎಲ್ಲವನ್ನೂ ಓದುತ್ತೇನೆ, ಗೊತ್ತಿರುವಷ್ಟು ಹೇಳುತ್ತೇನೆ.