ಫ್ರೆಂಚ್‌ನಲ್ಲಿ ದೊಡ್ಡಕ್ಷರ ಮರ್ಯಾದೆಗಲ್ಲ

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನೋ ಭೇದವೇ ಇಲ್ಲ. ಕ್ಯಾಪಿಟಲ್ ಅಂದ್ರೆ ಏನು ಅಂತ ನಮಗೆ ಕಲಿಸಿದ್ದು ಇಂಗ್ಲಿಷ್ ಮೇಷ್ಟ್ರು. ಫ್ರೆಂಚ್ ಕಲಿಯೋಕೆ ಕೂತಾಗಲೂ ಅದೇ ಪಾಠ ಹೊತ್ಕೊಂಡು ಹೋಗಿ, ಕಂಡಕಂಡಲ್ಲಿ ಕ್ಯಾಪಿಟಲ್ ಹಾಕ್ತೀವಿ. ಫ್ರೆಂಚರ ಕೈ ಈ ವಿಷಯದಲ್ಲಿ ಬಲು ಬಿಗಿ.

ವಾರ, ತಿಂಗಳು, ಭಾಷೆ, ಧರ್ಮ, ಇವುಗಳ ಹೆಸರೆಲ್ಲ ಸಣ್ಣಕ್ಷರದಲ್ಲೇ. 'ನಾನು' ಅನ್ನೋ 'ಜ' ಕೂಡ ವಾಕ್ಯದ ನಡುವೆ ಬಂದ್ರೆ ಸಣ್ಣದೇ, ಇಂಗ್ಲಿಷಿನ 'ಐ' ಥರ ಎದೆಯುಬ್ಬಿಸಿ ನಿಲ್ಲಲ್ಲ. ಪ್ಯಾರಿಸ್ಸಿನ 'ರ‍್ಯು ದ ರಿವೊಲಿ'ಯಲ್ಲಿ ರಿವೊಲಿಗೆ ಮಾತ್ರ ದೊಡ್ಡಕ್ಷರ. 'ರ‍್ಯು' ಅಂದ್ರೆ ಬರೀ ಬೀದಿ ತಾನೇ?

ಈಗ 'ಫ್ರಾಂಸೆ' ಅನ್ನೋ ಒಂದೇ ಪದ ತಗೊಳ್ಳಿ. ಭಾಷೆ ಆದ್ರೆ ಸಣ್ಣ ಎಫ್. ಫ್ರೆಂಚ್ ಪುಸ್ತಕ, ಫ್ರೆಂಚ್ ಊಟ ಅಂತ ವಿಶೇಷಣ ಆದ್ರೂ ಸಣ್ಣದೇ. 'ಒಬ್ಬ ಫ್ರೆಂಚಿನವನು' ಅಂತ ನಾಮಪದ ಆದಾಗ ಮಾತ್ರ ದೊಡ್ಡ ಎಫ್. ಫ್ರೆಂಚ್ ಭಾಷೆಯ ಕಾವಲಿಗಿರೋ ಸಂಸ್ಥೆ 'ಅಕಾದೆಮಿ ಫ್ರಾಂಸೆಜ್' ತನ್ನ ಹೆಸರಲ್ಲೇ ಎರಡನೇ ಪದವನ್ನ ಸಣ್ಣಕ್ಷರದಲ್ಲಿ ಬರ‍್ಕೊಳ್ಳುತ್ತೆ, ನೋಡಿ.

ತಾರೀಖಿನಲ್ಲಿ ಇನ್ನೂ ಸೊಗಸಿದೆ. 1789ರ ಜುಲೈ 14 ಅಂತ ದಿನಾಂಕ ಬರೆದ್ರೆ ತಿಂಗಳು ಸಣ್ಣಕ್ಷರ. ಅದೇ ರಾಷ್ಟ್ರೀಯ ಹಬ್ಬ ಅನ್ನೋ ಅರ್ಥದಲ್ಲಿ '14 ಜ್ವಿಯೆ' ಅಂದ್ರೆ ದೊಡ್ಡ ಜೆ. 'ಎತಾ' ಸಣ್ಣದಾದ್ರೆ ಸ್ಥಿತಿ, ದೊಡ್ಡದಾದ್ರೆ ದೇಶ ಆಳೋ ಪ್ರಭುತ್ವ. ಗಣರಾಜ್ಯದ ಅಧ್ಯಕ್ಷರ ಬಗ್ಗೆ ಬರೆಯುವಾಗ ಗಣರಾಜ್ಯಕ್ಕೆ ದೊಡ್ಡಕ್ಷರ, ಅಧ್ಯಕ್ಷ ಪದವಿಗೆ ಸಣ್ಣದು. ಪತ್ರದಲ್ಲಿ ಅವರನ್ನೇ ಸಂಬೋಧಿಸಿದ್ರೆ ಮಾತ್ರ ಬೇರೆ ಮಾತು. ಕುರ್ಚಿಗೆ ಸಲ್ಲದ ಮರ್ಯಾದೆ ಗಣರಾಜ್ಯಕ್ಕೆ ಸಲ್ಲೋದು ನಮಗಂತೂ ಹಿಡಿಸುತ್ತೆ.

ಇಷ್ಟರಲ್ಲಿ ಕ್ಯಾಪಿಟಲ್ ಜಾಸ್ತಿ ಬಿದ್ರೆ ಓದೋರು ನಕ್ಕು ಸುಮ್ಮನಾಗ್ತಾರೆ. ಆದ್ರೆ ಹಾಕಿದ ಕ್ಯಾಪಿಟಲ್ ಮೇಲಿನ ಅಕ್ಸೆಂಟ್, ಅಂದ್ರೆ ಅಕ್ಷರದ ತಲೆ ಮೇಲಿನ ಗೀಟು, ಬಿಟ್ರೆ ಅರ್ಥವೇ ಕೆಡುತ್ತೆ. 'ದೊಡ್ಡಕ್ಷರಕ್ಕೆ ಅಕ್ಸೆಂಟ್ ಬೇಡ' ಅಂತ ಫ್ರಾನ್ಸಿನಲ್ಲೇ ಎಷ್ಟೋ ಜನ ಶಾಲೆಯಿಂದ ನಂಬ್ಕೊಂಡು ಬಂದಿದ್ದಾರೆ. ಅದು ತಪ್ಪು. ಅಕ್ಸೆಂಟ್ ಕಾಗುಣಿತದ ಭಾಗ, ದೊಡ್ಡಕ್ಷರಕ್ಕೂ ಬೇಕು ಅನ್ನೋದೇ ಅಕಾದೆಮಿಯ ನಿಲುವು. ಪೂರ್ತಿ ದೊಡ್ಡಕ್ಷರದ ಶೀರ್ಷಿಕೆಯಲ್ಲಿ 'ಪೊಲಿಸಿಯೆ ತ್ಯುಎ', ಅಂದ್ರೆ ಪೊಲೀಸ್ ಹತ, ಅಂತ ಬರೀಬೇಕಾದಾಗ ಕೊನೆಯ ಇ ಮೇಲಿನ ಗೀಟು ಹೋಯ್ತೋ, ಪೊಲೀಸೇ ಕೊಲ್ತಾನೆ ಅಂತ ಆಗುತ್ತೆ. 'ಪಾಲೆ ದೆ ಕೊಂಗ್ರೆ' ಅನ್ನೋ ಸಮಾವೇಶ ಭವನದ ಬೋರ್ಡಿನಲ್ಲಿ ಗೀಟು ಬಿಟ್ರೆ ಅದು ಹಾವುಮೀನುಗಳ ಅರಮನೆ!

ಇದಕ್ಕೆ ಕೀಬೋರ್ಡ್ ಕೂಡ ಕಾರಣ. ಫ್ರೆಂಚರ 'ಅಜೆರ್ತಿ' ಅನ್ನೋ ಹಳೇ ಕೀಬೋರ್ಡ್ ವಿನ್ಯಾಸದಲ್ಲಿ ಗೀಟಿರೋ ಸಣ್ಣ ಇ ಮತ್ತು 2 ಒಂದೇ ಕೀಲಿಯಲ್ಲಿವೆ. ಶಿಫ್ಟ್ ಹಿಡಿದ್ರೆ ದೊಡ್ಡ ಇ ಬರಲ್ಲ, 2 ಬರುತ್ತೆ. 2019ರಲ್ಲಿ ಫ್ರಾನ್ಸಿನ ಮಾನದಂಡ ಸಂಸ್ಥೆ ಅಫ್ನೋರ್ ಹೊರತಂದ ಹೊಸ ಮಾನದಂಡ ಇದನ್ನ ಸರಿಪಡಿಸಿದೆ, ಆದ್ರೆ ಹಳೇ ಕೀಬೋರ್ಡ್‌ಗಳು ಬೇಕಾದಷ್ಟಿವೆ.

ನಮ್ಮ ಕಂಪ್ಯೂಟರಿನಲ್ಲಿ ಹೇಗೆ? ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು ಬಲಗಡೆಯ ನಂಬರ್ ಪ್ಯಾಡ್‌ನಲ್ಲಿ 0201 ಒತ್ತಿದ್ರೆ ಗೀಟಿನ ದೊಡ್ಡ ಇ, 0192ಕ್ಕೆ ಹಿಂದೊರಗಿದ ಗೀಟಿನ ಎ, 0199ಕ್ಕೆ ಬಾಲದ ಸಿ. ಮೇಲ್ಸಾಲಿನ ಅಂಕಿ ಒತ್ತಿದ್ರೆ ಆಗಲ್ಲ. ನಂಬರ್ ಪ್ಯಾಡ್ ಇಲ್ದಿದ್ರೆ ಯುಎಸ್ ಇಂಟರ್‌ನ್ಯಾಷನಲ್ ವಿನ್ಯಾಸ ಹಾಕ್ಕೊಳ್ಳಿ: ಅಪಾಸ್ಟ್ರಫಿ ಒತ್ತಿ ಬಿಡಿ, ಆಮೇಲೆ ಶಿಫ್ಟ್ ಹಿಡಿದು ಇ. ಇಲ್ಲೊಂದು ತೊಡಕಿದೆ. ಅಪಾಸ್ಟ್ರಫಿಯೇ ಬೇಕಾದಾಗ ಅದು ಮುಂದಿನ ಸ್ವರದ ತಲೆ ಮೇಲೆ ಹೋಗಿ ಕೂರುತ್ತೆ. ಹಾಗಾಗಿ 'ಲೆತಾ' (ಎಲ್ ಮತ್ತು ಅಪಾಸ್ಟ್ರಫಿ ಸೇರಿದ 'ಎತಾ') ಬರೆಯೋಕೆ ಎಲ್, ಅಪಾಸ್ಟ್ರಫಿ, ಸ್ಪೇಸ್, ಮತ್ತೆ ಅಪಾಸ್ಟ್ರಫಿ, ಶಿಫ್ಟ್ ಜತೆ ಇ, ಆಮೇಲೆ ಟಿ-ಎ-ಟಿ.