ಟೆರೇಸ್ ಮೇಲೆ ಮೂಕಿ ಚಿತ್ರ, ಚಪ್ಪಟೆ ತಾಜ್ ಮಹಲ್

ಪರದೆ ಕಟ್ಟುವುದು ಈ ವಿಡಿಯೋದಲ್ಲಿ ನಿಮಗೇ ಕಾಣಿಸುತ್ತಿದೆ. ಹೌದು, ಬೆಡ್‌ಶೀಟೇ ಅದು, ಸುಮ್ನೆ ನಗಬೇಡಿ.

ಇವತ್ತಿನ ಸಿನಿಮಾ 'ಶಿರಾಜ್'. 1928ರ ಮೂಕಿ ಚಿತ್ರ, ತಾಜ್ ಮಹಲ್ ಹುಟ್ಟಿದ ಕಥೆ. ನಿರ್ದೇಶಕ ಮ್ಯೂನಿಕ್‌ನ ಫ್ರಾಂಜ್ ಆಸ್ಟನ್. ನಿರ್ಮಾಪಕ, ಹೀರೋ ಎರಡೂ ನಮ್ಮ ಹಿಮಾಂಶು ರಾಯ್.

ಮೊದಲು ಈ ಪ್ರೊಜೆಕ್ಟರ್ ಗೋಳು ಕೇಳಿ. ಒಂದು ರಾತ್ರಿಗೆ ಬಾಡಿಗೆ 1,200 ರೂಪಾಯಿ. ಸ್ಪೀಕರ್‌ಗೆ ಬೇರೆ 500. "ಮೂಕಿ ಅಂತೀರಾ, ಸ್ಪೀಕರ್ ಯಾಕೆ ಸಾರ್?" ಅಂತ ಅಂಗಡಿ ಹುಡುಗ ನಕ್ಕ. ನಗುತ್ತಾ ರಿಮೋಟ್ ಕೊಡುವುದನ್ನೇ ಮರೆತ. ರಿಮೋಟ್ ಇಲ್ಲದೆ ಈ ಡಬ್ಬದಲ್ಲಿ ಚಿತ್ರದ ಅಳತೆ ಬದಲಾಗುವುದಿಲ್ಲ. ಮೂಕಿ ಚಿತ್ರದ ಚೌಕಟ್ಟಿನ ಅಗಲ ಎತ್ತರಕ್ಕಿಂತ ಸ್ವಲ್ಪವೇ ಜಾಸ್ತಿ. ಇದು ಅದನ್ನು ಎರಡೂ ಕಡೆಗೆ ಎಳೆದು ಬಿಡುತ್ತದೆ. ನೋಡಿ, ತಾಜ್ ಮಹಲಿನ ಗುಮ್ಮಟ ತಟ್ಟೆ ಇಡ್ಲಿ ಆಗಿದೆ! ಫೋನ್ ಮಾಡಿದರೆ, "ಪರದೆ ತುಂಬಾ ಬರ್ತಿದೆಯಲ್ಲ ಸಾರ್, ಇನ್ನೇನು ಬೇಕು?" ಅನ್ನುತ್ತಾನೆ.

ಲಂಡನ್‌ನ ಬಿಎಫ್‌ಐ, ಅಂದರೆ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಆರ್ಕೈವ್‌ನವರು ಮೂಲ ನೆಗೆಟಿವ್ ಹಿಡಿದು ಇದನ್ನು ಜೀರ್ಣೋದ್ಧಾರ ಮಾಡಿದ್ದಾರೆ. 2017ರಲ್ಲಿ ಅನುಷ್ಕಾ ಶಂಕರ್ ಅವರ ಹೊಸ ಸಂಗೀತದ ಜೊತೆ ತೋರಿಸಿದರು. ಸ್ಪೀಕರ್ ಅದಕ್ಕೇ ಕಣಪ್ಪಾ. ಕೊನೆಗೆ ಲ್ಯಾಪ್‌ಟಾಪಿನಲ್ಲೇ ಚಿತ್ರದ ಅಗಲ ಕಡಿಮೆ ಮಾಡಿದೆ. ಈಗ ಸರಿಹೋಯಿತು.

ಮೊದಮೊದಲು ನನಗೆ ಇಷ್ಟವಾಗಲಿಲ್ಲ. ಒಂಟೆ, ಆನೆ, ಗುಲಾಮರ ವ್ಯಾಪಾರ... ಯುರೋಪಿನವರ ಕಣ್ಣಿಗೆ ಬೇಕಾದ್ದನ್ನೆಲ್ಲ ಸೇರಿಸಿದ ಹಾಗಿದೆ. ಕಥೆಯಂತೂ ಚರಿತ್ರೆಯೇ ಅಲ್ಲ. ನಿಜವಾದ ಮುಮ್ತಾಜ್ ದೊಡ್ಡ ಸರದಾರ ಆಸಫ್ ಖಾನ್ ಮಗಳು. ಇಲ್ಲಿ ಕುಂಬಾರನ ಮನೆಯಲ್ಲಿ ಬೆಳೆದ ಸಲೀಮಾ. ಶಿರಾಜ್ ಆ ಕುಂಬಾರನ ಮಗ, ಮುಂದೆ ತಾಜ್‌ನ ನಕ್ಷೆ ಮಾಡುವವನು.

ಆದರೆ ಇದು ನೋಡಿ, ಇದು! ಶಿರಾಜ್ ನೆಲದ ಮೇಲೆ ಬಿದ್ದಿದ್ದಾನೆ, ಆನೆ ಕಾಲು ತಲೆಯ ಹತ್ತಿರವೇ ಬರುತ್ತಿದೆ. ಗ್ರಾಫಿಕ್ಸ್ ಇಲ್ಲದ ಕಾಲ. ಇಡೀ ಸಿನಿಮಾ ಭಾರತದಲ್ಲೇ ತೆಗೆದದ್ದು, ಬಿಸಿಲೇ ಲೈಟು. ಆ ಜನರ ಮುಖ, ಗೋಡೆ ಮೇಲಿನ ನೆರಳು ನೋಡಿ. ಮಾತು ವಾಪಸ್ ತಗೊಂಡೆ, ಆಸ್ಟನ್‌ಗೆ ಕಣ್ಣಿತ್ತು.

ಮುಂದೆ ಹಿಮಾಂಶು ರಾಯ್ ಅವರ ಸಿನಿಮಾ ಕಂಪನಿ ಬಾಂಬೆ ಟಾಕೀಸ್‌ಗೂ ಇವನೇ ನಿರ್ದೇಶಕ. ಹಿಂದಿ ಬರುತ್ತಿರಲಿಲ್ಲ, ಆದರೂ 1936ರಲ್ಲಿ 'ಅಛೂತ್ ಕನ್ಯಾ' ಮಾಡಿದ. ಅಸ್ಪೃಶ್ಯತೆ ತಪ್ಪು ಅನ್ನುವ ಸಿನಿಮಾ ಬಂದ ವರ್ಷವೇ ಈ ಮನುಷ್ಯ ನಾಜಿ ಪಕ್ಷದ ಸದಸ್ಯನೂ ಆದ! ಇದಕ್ಕೆ ಏನು ಹೇಳುವುದು? 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರು ಹಿಡಿದು ಕೂಡಿಹಾಕಿದರು. ನನಗೆ ಅಯ್ಯೋ ಪಾಪ ಅನಿಸಲಿಲ್ಲ.

'ಅಛೂತ್ ಕನ್ಯಾ'ದ ನಾಯಕಿ ದೇವಿಕಾ ರಾಣಿ, ಹಿಮಾಂಶು ರಾಯ್ ಹೆಂಡತಿ. ರಾಯ್ ತೀರಿಹೋದ ಮೇಲೆ ದೇವಿಕಾ ರಷ್ಯಾದ ಚಿತ್ರಕಾರ ರೋರಿಕ್ ಅವರನ್ನು ಮದುವೆಯಾಗಿ ನಮ್ಮ ಬೆಂಗಳೂರಿಗೇ ಬಂದರು. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ಇದೆಯಲ್ಲ, ಅದೇ. ಎಷ್ಟು ಸಲ ಆ ಕಡೆ ಬಸ್ಸಿನಲ್ಲಿ ಹೋಗಿದ್ದೀರಿ ಹೇಳಿ? ಅಲ್ಲಿ ಟ್ರಾಫಿಕ್ಕಿನಲ್ಲಿ...

ಅಯ್ಯೋ, ಸಿನಿಮಾ ಮುಗಿಯುತ್ತಿದೆ. ತಾಜ್ ಕಟ್ಟಿದ್ದಾಯಿತು, ಇಂಥದ್ದು ಇನ್ನೊಂದು ಎಲ್ಲೂ ಆಗಬಾರದು ಅಂತ ಶಿರಾಜ್ ಕಣ್ಣು ಕೀಳಿಸಲು ಚಕ್ರವರ್ತಿ ಹೊರಟಿದ್ದಾನೆ. ಮುಂದಿನದು ನಾನು ಹೇಳುವುದಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಈ ಡಬ್ಬ ವಾಪಸ್ ಕೊಡದಿದ್ದರೆ ಇನ್ನೊಂದು ದಿನದ ಬಾಡಿಗೆಯಂತೆ, ಕ್ಯಾಮೆರಾ ಆಫ್ ಮಾಡುತ್ತೇನೆ.