ರೈಟ್ರಮ್ಮನ ಹೆಪ್ಪು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಸಕಲೇಶಪುರದ ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ರೈಟ್ರಮ್ಮ ಅಂತ. ತಾತ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ಕಡೆಯವರಿಗೆ ಈ ಮಾತು ಗೊತ್ತು. ಬಯಲುಸೀಮೆಯವರಿಗಾಗಿ ಹೇಳುತ್ತೇನೆ, ರೈಟರ್ ಅಂದರೆ ಕಥೆ ಬರೆಯುವವರಲ್ಲ. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ಬಟವಾಡೆ ಲೆಕ್ಕ ಇವನ್ನೆಲ್ಲ ಬರೆದಿಡುವವರು. ಊರಿನವರ ಕೂಲಿ ಲೆಕ್ಕವನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದ ತಾತ, ಮನೆಯಲ್ಲಿದ್ದ ಹೆಂಡತಿಗೆ ಒಂದಕ್ಷರ ಕಲಿಸಲಿಲ್ಲ. ಅವರ ಮೇಲೆ ನನಗೆ ಪ್ರೀತಿ ಇದೆ. ಆದರೆ ಈ ಒಂದು ಸಿಟ್ಟು ಇವತ್ತಿಗೂ ಹೋಗಿಲ್ಲ.

ಅಜ್ಜಿ ಕಾಯಲಿಲ್ಲ ಬಿಡಿ. ತನ್ನದೇ ಲೆಕ್ಕ ಮಾಡಿಕೊಂಡಳು. ಮನೆಯಲ್ಲಿ ಎರಡು ಹಸು ಇದ್ದವು. ವರ್ತನೆ ಹಾಲು ಕೊಡುತ್ತಿದ್ದಳು. ಅಡುಗೆಮನೆ ಬಾಗಿಲ ಪಕ್ಕದ ಗೋಡೆಯಲ್ಲಿ ಇದ್ದಿಲಿನಿಂದ ಗೀಟು ಎಳೆಯುತ್ತಿದ್ದಳು. ಒಂದು ಗೀಟು ಅಂದರೆ ಅರ್ಧ ಸೇರು. ದುಡ್ಡು ಬಂದರೆ ಗೀಟಿನ ಮೇಲೆ ಅಡ್ಡಗೀಟು. ಯುಗಾದಿಗೆ ಮನೆಗೆಲ್ಲ ಸುಣ್ಣ ಬಳಿದರೂ ಆ ಎರಡು ಅಡಿ ಜಾಗ ಬಿಟ್ಟೇ ಬಳಿಯಬೇಕು. ಅಪ್ಪನ ಡಿಗ್ರಿ, ಚಿಕ್ಕಪ್ಪನ ಐಟಿಐ, ಅತ್ತೆಯ ಮದುವೆ, ಎಲ್ಲ ಆ ಗೋಡೆ ಮೇಲಿಂದ ಬಂದದ್ದು.

1952ರಲ್ಲಿ ಮದುವೆಯಾಗಿ ಬಂದಾಗ ಅವಳಿಗೆ ಹದಿನಾರು ವರ್ಷ. ತವರಿಂದ ತಂದದ್ದರಲ್ಲಿ ಕೊನೆಯವರೆಗೂ ಉಳಿದದ್ದು ಒಂದೇ ಒಂದು, ಬಳಪದ ಕಲ್ಲಿನ ಮರಿಗೆ. ಮೊಸರಿಗೆ. ಬೇಲೂರಿನ ಶಿಲಾಬಾಲಿಕೆಯರನ್ನು ಕೆತ್ತಿರುವುದೂ ಬಳಪದ ಕಲ್ಲಿನಲ್ಲೇ ಅಂತ ಶಾಲೆಯಿಂದ ಬಂದು ಹೇಳಿದ್ದೆ. "ಇರಬಹುದು, ನಮಗೆ ಮರಿಗೆ ಸಾಕು" ಅಂದಳು.

ಹೆಪ್ಪು ಹಾಕುವುದೇನು ದೊಡ್ಡ ವಿದ್ಯೆ ಅಂತ ಅನ್ನಿಸಬಹುದು. ಹಾಸನದಲ್ಲೋ ಅರಸೀಕೆರೆಯಲ್ಲೋ ಆದರೆ ಅಲ್ಲ. ನಮ್ಮ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ. ಆ ಥಂಡಿಗೆ ಹಾಲು ರಾತ್ರಿಯೆಲ್ಲ ಹಾಲಾಗಿಯೇ ಇರುತ್ತದೆ. ಹೆಪ್ಪಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳಿಗೂ ಬೆಚ್ಚಗಿರಬೇಕಲ್ವಾ? ಅಜ್ಜಿ ಹಾಲಿಗೆ ಕಿರುಬೆರಳು ಅದ್ದಿ ಹತ್ತು ಎಣಿಸುತ್ತಿದ್ದಳು. ಬೇಸಿಗೆಯಲ್ಲಿ ಹತ್ತು ಎಣಿಸಿದರೂ ಬೆರಳಿಗೆ ಹಾಯಾಗಿರಬೇಕು. ಮಳೆಗಾಲದಲ್ಲಿ ಎಂಟಕ್ಕೇ ಬೆರಳು ತೆಗೆಯಬೇಕು ಅನ್ನಿಸಬೇಕು, ಹತ್ತರವರೆಗೆ ತಡೆದುಕೊಳ್ಳಲೂ ಆಗಬೇಕು. ಆಮೇಲೆ ಒಂದು ಚಮಚ ಹೆಪ್ಪು ಹಾಕಿ ಕದಡಿ, ತಾತನ ಹಳೇ ಪಂಚೆ ಸುತ್ತಿ, ಬಚ್ಚಲುಮನೆಯ ಹಂಡೆ ಒಲೆ ಪಕ್ಕ ಇಡುತ್ತಿದ್ದಳು. ಬೆಂಕಿ ಆರಿ ಬೂದಿ ಬಿಸಿ ಇರುವ ಒಲೆ. ಬೆಳಿಗ್ಗೆ ಮರಿಗೆ ಓರೆ ಮಾಡಿದರೂ ಮೊಸರು ಅಲ್ಲಾಡುತ್ತಿರಲಿಲ್ಲ.

ಹಾಗಾಗಿ ಬೀದಿಯಲ್ಲಿ ಯಾರ ಮನೆಯ ಮೊಸರು ಕೆಟ್ಟರೂ ನಮ್ಮನೆಗೆ ಬರುತ್ತಿದ್ದರು. "ರೈಟ್ರಮ್ಮ, ಒಂಚೂರು ಹೆಪ್ಪು." ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಅಂತ ನಮ್ಮಲ್ಲಿ ಮಾತಿದೆ, ಮನೆಯ ಲಕ್ಷ್ಮಿ ಹೋಗುತ್ತಾಳಂತೆ. ಆದರೆ ಜನರಿಗೆ ಹೆಪ್ಪು ನೆನಪಾಗುವುದೇ ರಾತ್ರಿ ಹಾಲು ಕಾಯಿಸಿದ ಮೇಲೆ! ಅಜ್ಜಿ ಅದಕ್ಕೊಂದು ಉಪಾಯ ಮಾಡಿದ್ದಳು. ಬಟ್ಟಲನ್ನು ಜಗಲಿಕಟ್ಟೆ ಮೇಲಿಟ್ಟು, ಬೆನ್ನು ತಿರುಗಿಸಿ ಒಳಗೆ ಬಂದುಬಿಡುತ್ತಿದ್ದಳು. "ನಾನೆಲ್ಲಿ ಕೊಟ್ಟೆ? ಅವಳೇ ತಗೊಂಡು ಹೋದಳು."

ಹಾಗೆ ತಗೊಂಡು ಹೋಗುತ್ತಿದ್ದವರಲ್ಲಿ ಹಿಂದಿನ ಬೀದಿಯ ಬ್ಯಾರಿಯವರ ಮನೆಯ ಅಮ್ಮನೂ ಒಬ್ಬರು. ಅಜ್ಜಿಗಿಂತ ಹತ್ತು ವರ್ಷ ಚಿಕ್ಕವರು.

ಹೆಪ್ಪು ಊರು ಬಿಟ್ಟೂ ಹೋಗಿದೆ. 1979ರಲ್ಲಿ ಹಾಸನ–ಮಂಗಳೂರು ರೈಲು ಶುರುವಾಯಿತು. ಅದಾಗಿ ಎರಡು ವರ್ಷಕ್ಕೆ ಅತ್ತೆಯ ಮದುವೆ. ಮಾವನಿಗೆ ಪುತ್ತೂರಿನಲ್ಲಿ ಅಂಚೆ ಇಲಾಖೆ ಕೆಲಸ. ಮಗಳನ್ನು ನೋಡಲು ಹೊರಟರೆ ಅಜ್ಜಿಯ ಮಡಿಲಲ್ಲಿ ಎರಡು ಸಾಮಾನು. ಒಂದು, ಹೆಪ್ಪಿನ ಸ್ಟೀಲ್ ಡಬ್ಬಿ. ಇನ್ನೊಂದು, ಹುಣಸೆ ಬೀಜದ ಗಂಟು. ಈ ಬೀಜ ಯಾಕೆ ಅಂದರೆ, ಘಟ್ಟ ಇಳಿಯುವಾಗ ಸುರಂಗ ಎಣಿಸಲಿಕ್ಕೆ. ಒಂದು ಸುರಂಗ ದಾಟಿದರೆ ಒಂದು ಬೀಜ ಗಂಟಿನಿಂದ ಚೀಲಕ್ಕೆ. ಆ ದಾರಿಯಲ್ಲಿರುವುದು 57 ಸುರಂಗ. ಅಜ್ಜಿಯ ಲೆಕ್ಕ ಯಾವತ್ತೂ 53 ದಾಟಲಿಲ್ಲ. ಕತ್ತಲಾದಾಗ ಡಬ್ಬಿ ಭದ್ರವಾಗಿದೆಯಾ ಅಂತ ತಡವಿ ನೋಡುತ್ತಿದ್ದಳಲ್ಲ, ಅಲ್ಲೇ ನಾಲ್ಕು ತಪ್ಪಿಹೋಗುತ್ತಿದ್ದವು.

ಪುತ್ತೂರಿನ ಸೆಕೆಗೆ ಆ ಹೆಪ್ಪು ಸಂಜೆ ಹೊತ್ತಿಗೆ ಹುಳಿ ಬಂದುಬಿಡುತ್ತಿತ್ತು. "ಅಲ್ಲಿ ಹೆಪ್ಪಾಗಲ್ಲ, ಇಲ್ಲಿ ನಿಲ್ಲಲ್ಲ" ಅಂತ ಇಬ್ಬರೂ ನಗುತ್ತಿದ್ದರಂತೆ. 1996ರಲ್ಲಿ ಹಳಿ ಅಗಲ ಮಾಡಬೇಕು ಅಂತ ಆ ರೈಲು ನಿಲ್ಲಿಸಿದರು. ಮತ್ತೆ ಪ್ರಯಾಣಿಕರ ರೈಲು ಬಂದದ್ದು 2007ರ ಕೊನೆಯಲ್ಲಿ. ನಡುವಿನ ಹನ್ನೊಂದು ವರ್ಷ ಶಿರಾಡಿ ಘಾಟಿಯ ಬಸ್ಸು. ತಿರುವು ತಿರುವಿಗೂ ಅಜ್ಜಿಗೆ ವಾಂತಿ. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಅದೇ ಡಬ್ಬಿ.

ಅತ್ತೆಯ ಬಾಣಂತನಕ್ಕೆ ಹೋದವಳು ಮೂರು ತಿಂಗಳು ಅಲ್ಲೇ ಉಳಿದಳು. ವಾಪಸ್ ಬಂದಾಗ ಇಲ್ಲಿ ಹಸು ಬತ್ತಿತ್ತು, ಮರಿಗೆ ಒಣಗಿತ್ತು. ಅಪ್ಪನಿಗೆ ಪೇಚಾಟ. ಅಜ್ಜಿ ಸುಮ್ನೆ ಬಟ್ಟಲು ತಗೊಂಡು ಹಿಂದಿನ ಬೀದಿಗೆ ಹೋಗಿ ಹೆಪ್ಪು ತಂದಳು. "ನಾಲ್ಕು ಮನೇಲಿ ಇದ್ರೆ ಒಂದ್ಮನೇಲಾದ್ರೂ ಉಳ್ಕೊಂಡಿರುತ್ತೆ" ಅಂದಳು ಅಷ್ಟೇ. ಇದನ್ನು ಅಪ್ಪ ನನಗೆ ಹೇಳಿದ್ದು ಬಹಳ ವರ್ಷ ಆದ ಮೇಲೆ.

ಆಕಾಶವಾಣಿಯ ಮಾತನ್ನೂ ಹೇಳಲೇಬೇಕು. ನಮ್ಮನೆಯಲ್ಲಿ ಗಡಿಯಾರ ಇದ್ದದ್ದು ತಾತನಿಗೆ. ಅಜ್ಜಿಗೆ ರೇಡಿಯೋ. ಏಳೂ ಐದರ ಪ್ರದೇಶ ಸಮಾಚಾರ ಶುರುವಾಗುವುದರೊಳಗೆ ಹಾಲು ಕರೆದು ಆಗಿರಬೇಕು. ಏಳೂ ಮೂವತ್ತೈದರ ದೆಹಲಿ ವಾರ್ತೆಗೆ ರೊಟ್ಟಿ ಕಾವಲಿ ಮೇಲಿರಬೇಕು. ವಾರ್ತೆಯಲ್ಲಿ ಏನು ಹೇಳಿದರು ಅಂತ ಕೇಳಿದರೆ, "ರೊಟ್ಟಿ ಸೀಯ್ತಾ ಇದೆ ಅಂತ ಹೇಳಿದರು" ಅನ್ನುವಳು. ನಾನು ಹೀಗೆ ಮೈಕಿನ ಮುಂದೆ ಕೂತು ಅವಳ ಸುದ್ದಿ ಓದುತ್ತೇನೆ ಅಂದಿದ್ದರೆ, ದನಿ ಜಾಸ್ತಿ ಮಾಡಿ ಇಡೀ ಬೀದಿಗೆ ಕೇಳಿಸುತ್ತಿದ್ದಳು.

2022ರ ಶ್ರಾವಣದಲ್ಲಿ ಹೋದಳು. 86 ವರ್ಷ. ಹಿಂದಿನ ರಾತ್ರಿ ಅಕ್ಕಿರೊಟ್ಟಿ, ಕಳಲೆ ಪಲ್ಯ ಊಟ ಮಾಡಿ, ಕಳಲೆಗೆ ಉಪ್ಪು ಕಮ್ಮಿ ಅಂತ ಅಮ್ಮನಿಗೆ ಹೇಳಿಯೇ ಮಲಗಿದ್ದಳು. ಬೆಳಿಗ್ಗೆ ಏಳಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರು, ಅಕ್ಕಪಕ್ಕದವರು ಊಟ ತಂದರು. ಕೈಗೆ ಕೆಲಸವಿಲ್ಲದೆ ಕೂರಲಾಗದೆ ನಾನು ಮೂರನೇ ದಿನ ಅಡುಗೆಮನೆ ಪಾತ್ರೆಯೆಲ್ಲ ತಿಕ್ಕಿದೆ. ಮರಿಗೆಯಲ್ಲಿ ಹಳೇ ಮೊಸರು ಇತ್ತು. ಹುಳಿ ಬಂದಿದೆ ಅಂತ ಚೆಲ್ಲಿ, ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಬಿಸಿಲಿಲ್ಲದಿದ್ದರೂ ಅಂಗಳದ ಕಲ್ಲಿನ ಮೇಲೆ ಬೋರಲು ಹಾಕಿದೆ. ಎಷ್ಟು ಚೆನ್ನಾಗಿ ತೊಳೆದೆ ಅಂದರೆ ಮೂಸಿದರೂ ಮೊಸರಿನ ವಾಸನೆ ಇರಲಿಲ್ಲ. ಏನು ಚೆಲ್ಲಿದೆ ಅಂತ ಗೊತ್ತಾದದ್ದು ಅವತ್ತು ರಾತ್ರಿ, ಮಲಗಿದ ಮೇಲೆ. ಯಾರಿಗೂ ಹೇಳಲಿಲ್ಲ.

ಹನ್ನೊಂದನೇ ದಿನದ ಕಾರ್ಯದ ಹಿಂದಿನ ಸಂಜೆ ಅಮ್ಮ ಹೆಪ್ಪು ಕೇಳಿದರು. ಅಂಗಡಿಯ ಪ್ಯಾಕೆಟ್ ಮೊಸರು ತಂದರಾಯಿತು ಅಂತ ಚಿಕ್ಕಪ್ಪ ಅಂದರು. ನಾನು ಬಟ್ಟಲು ತಗೊಂಡು ಕೊಡೆ ಹಿಡಿದು ಹಿಂದಿನ ಬೀದಿಗೆ ಹೊರಟೆ. ದೀಪ ಹಚ್ಚಿಯಾಗಿತ್ತು.

ಬ್ಯಾರಿಯವರ ಮನೆಯ ಅಮ್ಮ ಬಾಗಿಲು ತೆಗೆದು ನನ್ನ ಮುಖ ನೋಡಿದರು, ಬಟ್ಟಲು ನೋಡಿದರು. ಏನೂ ಕೇಳಲಿಲ್ಲ. ಬಟ್ಟಲು ಇಸ್ಕೊಂಡು ಒಳಗೆ ಹೋದರು. ತುಂಬಿಸಿ ತಂದು ನನ್ನ ಕೈಗೆ ಕೊಡಲಿಲ್ಲ. ಜಗಲಿ ಮೇಲಿಟ್ಟು ಬೆನ್ನು ತಿರುಗಿಸಿ ನಿಂತರು. ಅವರ ಹೆಗಲು ಅಲುಗುತ್ತಿತ್ತು.

ಮನೆಗೆ ಬಂದರೆ ನೆಂಟರಲ್ಲೊಬ್ಬ ಹಿರಿಯರು, "ಯಾರ ಮನೆ ಹೆಪ್ಪಮ್ಮ ಅದು?" ಅಂದರು.

"ಅಜ್ಜೀದೇ" ಅಂದೆ.

ಹಾಲು ಕಾಯಿಸಿ ಆರಲು ಬಿಟ್ಟು ಕಿರುಬೆರಳು ಅದ್ದಿದೆ. ಹತ್ತು ಎಣಿಸಿದೆ, ಬೆರಳಿಗೆ ಹಾಯಾಗಿತ್ತು. ಹೆಪ್ಪು ಹಾಕಿ, ಪಂಚೆ ಸುತ್ತಿ, ಹಂಡೆ ಒಲೆ ಪಕ್ಕ ಇಟ್ಟೆ. ಬೆಳಿಗ್ಗೆ ನೋಡಿದರೆ ಮೊಸರು ನೀರುನೀರು. ಅಮ್ಮ ಸೌಟು ಹಾಕಿ ನೋಡಿ, "ಮಳೆಗಾಲ ಕಣೆ, ಎಂಟಕ್ಕೇ ಬೆರಳು ತೆಗೀಬೇಕು ಅನ್ನಿಸಬೇಕಿತ್ತು" ಅಂದರು.

ನಮಸ್ಕಾರ.